ಅಂಗೈಯಗಲದ ಬಾಣ

ಅಚ್ಚುಮನೆಯ ಕರಡು ತಿದ್ದಲು ಕೂತ ಅಪ್ಪ ಮೌಸನ್ನು ಹಿಡಿದು ಅಲ್ಲಾಡಿಸಿದರು. ಪರದೆಯ ಮೇಲಿನ ಬಾಣ ದೊಡ್ಡದಾಗಲಿಲ್ಲ.

"ಬಾಣ ಎಲ್ಲಿ ಹೋಯ್ತೇ? ನಿನ್ನೆ ಕಾಣ್ತಿತ್ತಲ್ಲ."

ಅಂಗಡಿಗೆ ಹೊರಟಿದ್ದ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಊರಿಗೆಲ್ಲ ಕನ್ನಡಕ ಹೊಂದಿಸಿಕೊಡುವವಳು ಅವಳು. ಅಪ್ಪನ ಕಣ್ಣಿಗೆ ಮಾತ್ರ ಯಾವ ಗಾಜೂ ಒದಗಿರಲಿಲ್ಲ. ಅದಕ್ಕೇ ಪಟ್ಟು ಹಿಡಿದು ಕೋಡ್ ಬರೆಯಲು ಕಲಿತು, ಮೌಸ್ ಅಲ್ಲಾಡಿಸಿದರೆ ಬಾಣ ಅಂಗೈಯಗಲ ಆಗುವಂತೆ ಮಾಡಿದ್ದಳು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಡೆಸ್ಕ್‌ಟಾಪ್ ತಂತ್ರಾಂಶ ಆ ಕಂಪ್ಯೂಟರಿನದು. ಅವಳು ಬರೆದದ್ದೂ ಅದರೊಳಗೆ ಸೇರಿತ್ತು. ಬೆಳಿಗ್ಗೆ ಇಳಿದ ಹೊಸ ಆವೃತ್ತಿಯಲ್ಲಿ ಅದನ್ನು ಗುಡಿಸಿ ಹಾಕಿದ್ದರು.

ಆ ತಂತ್ರಾಂಶದ ವಿನ್ಯಾಸ ನೋಡಿಕೊಳ್ಳುವವನಿಗೆ ವಿಡಿಯೋ ಕರೆ ಮಾಡಿದಳು.

"ಪರದೆ ಅಚ್ಚುಕಟ್ಟಾಗಿ ಕಾಣಬೇಕಂತೆ ಅಕ್ಕಾ. ತೆಗೆದುಬಿಡಿ ಅಂದ್ರು."

"ಯಾರು ಅಂದಿದ್ದು? ಇದು ಎಲ್ಲರದ್ದೂ ಅಲ್ವಾ?"

ಅವನು ಕತ್ತು ತುರಿಸಿಕೊಂಡ. "ಎಲ್ಲರದ್ದೇ. ಆದ್ರೆ ಇಲ್ಲಿ ಕೆಲಸ ಮಾಡೋ ಮುಕ್ಕಾಲುಪಾಲು ಜನಕ್ಕೆ ಸಂಬಳ ಕೊಡೋದು ಒಂದೇ ಕಂಪನಿ. ಅನ್ನದ ಋಣ."

"ನಮ್ಮಪ್ಪ ಏನ್ಮಾಡ್ಬೇಕು ಹಾಗಾದ್ರೆ?"

"ನೀವು ಬರೆದದ್ದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳೋಕಾಗಲ್ಲ ಅಕ್ಕಾ," ಎಂದು ಕರೆ ಮುಗಿಸಿದ.

ಅವಳು ಕೋಡಿನ ಹಳೆಯ ಸಾಲುಗಳನ್ನೇ ಹೊಸ ಆವೃತ್ತಿಗೆ ಒಗ್ಗುವಂತೆ ಹೊಲಿದು, ಬೇಕಾದವರು ತೆಗೆದುಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಬೇರೆಯಾಗಿ ತೆರೆದಿಟ್ಟಳು. ಅಪ್ಪನೊಬ್ಬರಿಗೆ ಉಪಯೋಗವಾದರೆ ಸಾಕಿತ್ತು. ಆದರೆ ಸಕ್ಕರೆ ಚೆಲ್ಲಿದಲ್ಲಿಗೆ ಇರುವೆ ಬಂದ ಹಾಗೆ ಜನ ಬಂದರು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ಎರಡು ಪರದೆ ಜೋಡಿಸಿದಾಗ ಬರುತ್ತಿದ್ದ ತೊಡಕು ಬಿಡಿಸಿಕೊಟ್ಟ. ಕೈ ನಡುಗುವ ಅಜ್ಜಿಯೊಬ್ಬರು, ತಮ್ಮ ಬಾಣ ಹೊತ್ತಿಲ್ಲ ಗೊತ್ತಿಲ್ಲ, ಉಬ್ಬುತ್ತಲೇ ಇರುತ್ತದೆ ಎಂದು ದೂರಿದರು. ಮಗಳು ಓದಿ ಮುಗಿಸುವ ಮೊದಲೇ ಇನ್ಯಾವುದೋ ಖಂಡದ ಶಾಲಾ ಶಿಕ್ಷಕಿ ಅದನ್ನು ಸರಿಪಡಿಸಿದ್ದಳು.

ಎಲ್ಲವನ್ನೂ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದಳು.

"ಇವರೆಲ್ಲ ನಿನಗೆ ಗೊತ್ತಾ?"

"ಒಬ್ಬರ ಮುಖಾನೂ ನೋಡಿಲ್ಲಪ್ಪಾ."

ಅಪ್ಪ ದೊಡ್ಡವರ ಮುಂದೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಕಡೆಗೆ ಬಂದ ತಿದ್ದುಪಡಿ ಕಳಿಸಿದವರ ಹೆಸರು ನೋಡಿ ಅವಳ ಬೆರಳು ನಿಂತಿತು. ಆ ವಿನ್ಯಾಸದವನೇ. ಕಂಪನಿಯ ವಿಳಾಸದಿಂದಲ್ಲ, ಸ್ವಂತದ್ದರಿಂದ ಕಳಿಸಿದ್ದ. ಜೊತೆಗೆ ಒಂದೇ ಸಾಲು: 'ಕೆಂಪಗಿದ್ದರೆ ನಮ್ಮಮ್ಮನಿಗೆ ಇನ್ನೂ ಚೆನ್ನಾಗಿ ಕಾಣುತ್ತೆ.'

ಅದನ್ನೂ ಅಪ್ಪನಿಗೆ ಓದಿ ಹೇಳಿ, ಸೇರಿಸಿದಳು. ಬಿಳಿ ಕರಡಿನ ಮೇಲೆ ಕೆಂಪು ಬಾಣ ಎದ್ದು ನಿಂತಿತು. ಅಪ್ಪ ಮುಂದಕ್ಕೆ ಬಾಗಿ ನೋಡಿದರು.

"ಆ ತಾಯಿಗೆ ಒಳ್ಳೇ ಕಣ್ಣಿದೆ ಕಣೇ."