ಹದಿಮೂರೇ ಗೀಟು

“ಹದಿನಾಲ್ಕು” ಎಂದು ಶಿವಲಿಂಗಪ್ಪ ಕೂಗಿದ ರಭಸಕ್ಕೆ ಶಿರಸಿಯ ಮೈದಾನದ ಕಾಗೆಗಳೆಲ್ಲ ಎದ್ದು ಸಿದ್ದಾಪುರದ ಗಡಿ ದಾಟಿದವು. ಹುಡುಗಿಯರ ಮೂರು ಸಾವಿರ ಮೀಟರ್ ಓಟ; ಆ ಮೈದಾನಕ್ಕೆ ಹದಿನೈದು ಸುತ್ತು. ಸುತ್ತು ಕೂಗುವುದು ಅವನ ಕೆಲಸ, ಗುರುತು ಹಾಕಿಕೊಳ್ಳುವುದು ಪಕ್ಕದ ಕುರ್ಚಿಯ ಪ್ರತಿಭಾ ಟೀಚರದ್ದು. ಕೊನೆಯ ಸುತ್ತಿನ ಗಂಟೆಯನ್ನು ಅವನು ಎತ್ತಿಯೇಬಿಟ್ಟಿದ್ದ.

“ತಡೀರಿ ಮಾರಾಯ್ರೆ, ನನ್ನ ಹಾಳೇಲಿ ಹದಿಮೂರೇ ಗೀಟು ಇರೋದು,” ಎಂದಳು ಪ್ರತಿಭಾ.

ದಾಸನಕೊಪ್ಪದ ಈ ಶಿವಲಿಂಗಪ್ಪ ಭತ್ತ ಅಳೆಯುವವನು. ಈವರೆಗೆ ಅಳೆದದ್ದನ್ನು ಒಂದೆಡೆ ಸುರಿದರೆ ಯಾಣದ ಬಂಡೆ ಮುಚ್ಚಿ ಮೇಲೆ ನಾಲ್ಕು ಚೀಲ ಉಳಿಯುತ್ತಿತ್ತು. ಒಂದು ಕೊಳಗ ತಪ್ಪಿದ್ದು ಬ್ರಹ್ಮನಿಗೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಮೂರು ತಾಲೂಕಿನ ಯಾವ ಕೂಟವಿದ್ದರೂ ತಾನಾಗಿ ಬಂದು, ಒಂದು ಲೋಟ ಮಜ್ಜಿಗೆ ಕುಡಿದು ಸುತ್ತು ಎಣಿಸಿಕೊಟ್ಟವನು. ಆದರೆ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಪೆನ್ಸಿಲ್ ಹಿಡಿದವರೆಂದರೆ ಹುಲಿ ಕಂಡಷ್ಟು ಭಯ. “ಬರ್ದದ್ದಕ್ಕ ಮರ್ಯಾದಿ ಕೊಡಬೇಕ್ರಿ,” ಎಂದು ಗಂಟೆ ಕೆಳಗಿಟ್ಟ.

ಬಿಳಗಿಯ ಗೀತಾ ಎಲ್ಲರಿಗಿಂತ ಅರ್ಧ ಮೈದಾನ ಮುಂದಿದ್ದಳು. ಮೊದಲು ಬಂದವಳಿಗೆ ಮಾತ್ರ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹೋಗುವ ಅವಕಾಶ. ಮತ್ತೊಂದು ಸುತ್ತು ಮುಗಿಸಿ, ಇದ್ದ ಉಸಿರನ್ನೆಲ್ಲ ಗೆರೆಯ ಮೇಲೆ ಸುರಿದು ಅವಳು ಕುಸಿದು ಕುಳಿತಾಗ ಶಿವಲಿಂಗಪ್ಪ ಕೊನೆಯ ಸುತ್ತಿನ ಗಂಟೆ ಬಾರಿಸಿದ.

“ಏಳವ್ವಾ, ಇನ್ನೊಂದು ಸುತ್ತು ಐತಿ.”

“ಹದಿನೈದು ಆತು ಅಜ್ಜಾ. ನಾ ಎಣಿಸಿದ್ದೆ.”

“ನಾನೂ ಎಣಿಸೀನಿ. ಹಾಳಿ ಒಪ್ಪವಲ್ದು. ಓಡವ್ವಾ.”

ಎದ್ದಳು. ಕಾಲು ಅವಳ ಮಾತು ಕೇಳಲಿಲ್ಲ. ಹಿಂದಿದ್ದ ಇಬ್ಬರು ದಾಟಿ ಹೋದರು. ಗೀತಾ ಮೂರನೆಯವಳಾದಳು.

ಪಟ್ಟಿಗೆ ಸಹಿ ಬಿದ್ದ ಮೇಲೂ ಶಿವಲಿಂಗಪ್ಪನಿಗೆ ಸಮಾಧಾನವಿಲ್ಲ. ಗೀಟುಗಳ ಮೇಲೆ ಬೆರಳಾಡಿಸಿದ. “ಟೀಚರ್ರ, ಮೊದಲನೇ ಸುತ್ತಿನ ಗೀಟು ಎಲ್ಲೈತ್ರಿ?”

“ನೀವು ಒಂದು ಅಂತ ಕೂಗಲೇ ಇಲ್ಲವಲ್ಲ. ಲಾಭ ಅಂದ್ರಿ. ಶುರುವಿಗೆ ಎಂತದೋ ಒಳ್ಳೇ ಮಾತು ಹೇಳಿದ್ರಿ ಅಂದ್ಕಂಡೆ. ಆಮೇಲೆ ಆ ಗದ್ದಲದಲ್ಲಿ ಅಂಕಿ ಯಾರಿಗೆ ಕೇಳ್ತದೆ? ಕೂಗಿದ್ದಕ್ಕೊಂದು ಗೀಟು ಹಾಕ್ತಾ ಹೋದೆ.”

ಭತ್ತ ಅಳೆಯುವವರು ಒಂದು ಎನ್ನುವುದಿಲ್ಲ. ಮೊದಲ ಕೊಳಗ ಲಾಭ, ಅದರ ಮುಂದಿನದು ಎರಡು. ಮೂವತ್ತು ವರ್ಷ ಅವನ ಪಕ್ಕ ಕುಳಿತವರಿಗೆಲ್ಲ ಇದು ಗೊತ್ತಿತ್ತು. ಪ್ರತಿಭಾ ಪೇಟೆಯಲ್ಲಿ ಕಿಲೋ ಲೆಕ್ಕದ ಅಕ್ಕಿ ಉಂಡು ಬೆಳೆದವಳು.

ಅವನು ಮುಖ್ಯ ತೀರ್ಪುಗಾರರ ಬಳಿ ಓಡಿದ ಓಟ ಯಾವ ಗಡಿಯಾರಕ್ಕೂ ಸಿಗುವಂಥದ್ದಲ್ಲ. ಎಲ್ಲ ಕೇಳಿದ ಮೇಲೆ ಅವರು ಪಟ್ಟಿಯನ್ನು ಅವನತ್ತ ತಿರುಗಿಸಿದರು.

“ಕೆಳಗಿರೋ ಸಹಿ ನಿಮ್ಮದೇ ಅಲ್ವಾ?”

ಅವನದೇ. ಜನ್ಮದಲ್ಲಿ ಅಷ್ಟು ಚೆಂದದ ಸಹಿ ಅವನ ಕೈಯಿಂದ ಬಿದ್ದಿರಲಿಲ್ಲ.

ಗೀತಾ ಬಿಸಿಲಲ್ಲೇ ಕುಳಿತು ಎದೆಯ ಮೇಲಿನ ನಂಬರು ಬಟ್ಟೆ ಬಿಚ್ಚುತ್ತಿದ್ದಳು.

“ತಪ್ಪು ನಂದವ್ವಾ. ಮುಂದಿನ ವರ್ಷ ನೀನ ಮೊದಲು ಬರ್ತಿ.”

“ಮುಂದಿನ ವರ್ಷಕ್ಕೆ ನನ್ನ ವಯಸ್ಸು ದಾಟ್ತದೆ ಅಜ್ಜಾ. ಇನ್ನೊಂದು ಸುತ್ತು ಅಂದ್ರಿ, ಓಡಿದೆ. ಇನ್ನೊಂದು ವರ್ಷ ಎಲ್ಲಿಂದ ತರಲಿ?”

ಬಟ್ಟೆಯ ನಾಲ್ಕೂ ಪಿನ್ನುಗಳನ್ನು ಅವನ ಅಂಗೈಗೆ ಹಾಕಿ ಎದ್ದು ಹೋದಳು. ಶಿವಲಿಂಗಪ್ಪ ಮುಷ್ಟಿ ಮುಚ್ಚಿದ. ಪಿನ್ನು ಚುಚ್ಚಿತು. ಇನ್ನೂ ಬಿಗಿಯಾಗಿ ಮುಚ್ಚಿದ.