ಜೂನ್ ಒಂದರ ಅವಳಿಗಳು

ಚಹಾ ಆರಿದರೂ ಪರವಾಗಿಲ್ಲ... ಇದನ್ನು ಪೂರ್ತಿ ಓದಿ.

ಹುಬ್ಬಳ್ಳಿಯಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಇದ್ದರು. ಸಣ್ಣ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಮುಂದೆ ಹೊಟ್ಟೆ, ಹೊಟ್ಟೆಯ ಮೇಲೆ ಸೀಟಿ.

ಹೊಸಬರು ಬಂದರೆ ಅವರು ಕೇಳುತ್ತಿದ್ದದ್ದು ಒಂದೇ... "ಯಾವ ಕ್ಲಾಸ್ ನೀ?"

ಏಳನೇ ಕ್ಲಾಸಿನವರೆಲ್ಲ ಒಂದು ಟೀಮ್. ಅಷ್ಟೇ ಲೆಕ್ಕ.

ಹೋದ ವರ್ಷದ ಫೈನಲ್‌ನಲ್ಲಿ ಎದುರು ಟೀಮಿನ 'ಏಳನೇ ಕ್ಲಾಸ್' ಗೋಲ್‌ಕೀಪರ್ ನಿಂತರೆ ಗೋಲ್‌ಪೋಸ್ಟೇ ಗಿಡ್ಡ ಕಾಣುತ್ತಿತ್ತು! ನಾಲ್ಕು-ಸೊನ್ನೆ. ಗೋಲು ಅವರಿಗೆ... ಗೋಳು ಇವರಿಗೆ.

ಕೋಚ್ ಸಿಟ್ಟಿನಲ್ಲಿ ಸಂಘಟಕರಿಗೆ ಮೂರು ಪುಟದ ಪತ್ರ ಬರೆದರು. "ಕ್ಲಾಸ್ ನೋಡಿ ಟೀಮ್ ಮಾಡಬೇಡಿ. ಹುಟ್ಟಿದ ವರ್ಷ ನೋಡಿ."

ಅವರೂ ಒಪ್ಪಿದರು. ಈ ವರ್ಷ ನೋಟಿಸ್ ಬಂತು... 2013ರ ಜನವರಿ ಒಂದರ ನಂತರ ಹುಟ್ಟಿದವರು ಮಾತ್ರ, ಶಾಲೆಯ ದಾಖಲೆಯೇ ಬೇಕು.

ಕೋಚ್ ಎಲ್ಲರಿಂದ ದಾಖಲೆ ತರಿಸಿದರು. ಎಲ್ಲ ಸರಿ ಇತ್ತು... ಶಿವಲೀಲಾಳದೊಂದನ್ನು ಬಿಟ್ಟು.

ಶಿವಲೀಲಾ ಟೀಮಿನಲ್ಲೇ ಗಿಡ್ಡಿ. ಆದರೆ ಬಾಲ್ ಕಾಲಿಗೆ ಸಿಕ್ಕರೆ ನೀರಿಗೆ ಬಿಟ್ಟ ಮೀನು!

ಕೋಚ್ ಬೆನ್ನು ತಿರುಗಿಸಿದರೆ ಸಾಕು, ಹೊಟ್ಟೆ ಮುಂದೆ ಹಾಕಿ, ಕೆನ್ನೆ ಉಬ್ಬಿಸಿ ಅವರ ಥೇಟ್ ನಕಲು ಮಾಡುತ್ತಿದ್ದಳು. ಅದೂ ಒಂದೇ ಒಂದು ಸದ್ದಿಲ್ಲದೆ... ಬರೀ ಕೈ, ಮುಖದಲ್ಲಿ. ಕೋಚ್ ಓರೆಗಣ್ಣಲ್ಲಿ ಕಂಡೂ ಕಾಣದಂತಿದ್ದರು.

ಅವಳ ಕಾಗದದಲ್ಲಿ ಇದ್ದದ್ದು 1-6-2012.

"ಏನಿದು? ಇಷ್ಟುದ್ದ ಪತ್ರ ಬರದಾಂವ ನಾ... ನನ್ನ ಟೀಮಿನಾಗs ವಯಸ್ಸಿನ ಕಳ್ಳಿ?" ಎಲ್ಲರೆದುರು ಕೋಚ್ ಕೂಗಾಡಿದರು. "ವರ್ಷ ದೊಡ್ಡದಿದ್ರ ದೊಡ್ಡವರ ಜೋಡಿ ಆಡು. ನಡೀ ಆ ಕಡೆ!"

ಅವಳು ಹೈಸ್ಕೂಲ್ ಹುಡುಗಿಯರ ಕಡೆ ನಡೆದಳು. ಅವರ ಸೊಂಟಕ್ಕೆ ಬರುತ್ತಿದ್ದಳು ಅಷ್ಟೇ...

ಎರಡನೇ ದಿನ ಯಾರದೋ ಭುಜ ತಾಗಿತು. ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಅವ್ವ ಗ್ರೌಂಡಿಗೆ ಬಂದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಕೈಗೆ ಹಿಟ್ಟು ಹಾಗೇ ಇತ್ತು.

"ಸರ, ನನ್ನ ಮಗಳು ಕಳ್ಳಿ ಅಲ್ರಿ. ಕದ್ದಾಕಿ ನಾ."

ಕೋಚ್ ಅಲ್ಲೇ ಕಟ್ಟೆಯ ಮೇಲೆ ಕುಳಿತರು...

"ನನ್ನ ದೊಡ್ಡ ಮಗಳು ಗಿರಿಜಾಗ ಕಿವಿ ಕೇಳೂದಿಲ್ರಿ. ಮಾತೂ ಇಲ್ಲ. ಸಾಲಿಗೆ ಹಚ್ಚಾಕ ಹೋದ್ರ, ಈಕಿ ಬಾಜೂಕ ಯಾರು ಕುಂದರತಾರ ಅಂತ ಕೇಳಿದ್ರು. ಆಕಿ ಕೈಸನ್ನಿ ತಿಳೀತಿದ್ದದ್ದು ಈ ಸಣ್ಣಾಕಿಗೆ ಒಬ್ಬಾಕಿಗೇ. ಸಣ್ಣಾಕಿಗೆ ವಯಸ್ಸು ಸಾಲದು ಅಂದ್ರು. ನಾ ಕಾಲಿಗೆ ಬಿದ್ದೆ... ಇಬ್ಬರ್ನೂ ಅವಳಿ ಅಂತ ಬರ್ಕೋರಿ ಮಾಸ್ತರ ಅಂದೆ. ಅವ್ರು ಇಬ್ಬರಿಗೂ ಜೂನ್ ಒಂದು ಬರದ್ರು."

ನಮ್ಮ ಕಡೆ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು... ಶಾಲೆಯ ರಿಜಿಸ್ಟರಿನಲ್ಲಿ. ಆ ಕೋಚ್ ಕೂಡ!

ಅವ್ವ ಪ್ಲಾಸ್ಟಿಕ್ ಚೀಲದಿಂದ ಲಸಿಕೆಯ ಕಾರ್ಡ್ ತೆಗೆದಳು. ಶಿವಲೀಲಾ ಹುಟ್ಟಿದ್ದು ಫೆಬ್ರವರಿ 2014.

ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವಳು.

"ಈಗ ಈಕಿ ಬಲಗೈ ಕಟ್ಟ್ಯಾರ್ರಿ ಸರ... ಅಕ್ಕ-ತಂಗಿ ಮಾತಾಡೂದು ಕೈಯಾಗs. ನಿನ್ನಿಯಿಂದ ಮನ್ಯಾಗ ಮಾತs ಇಲ್ಲ."

ಕೋಚ್ ಎದ್ದೇಬಿಟ್ಟರು. ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ನೇರ ಶಾಲೆಯ ಆಫೀಸಿಗೆ ಹೋದರು.

"ತಾರೀಖು ತಿದ್ದಸಾಕ ಬರತೈತಿ ಸರ," ಅಂದ ಕ್ಲರ್ಕ್. "ಆದ್ರ ಕ್ಲಾಸೂ ತಿದ್ದಬೇಕಾಗತೈತಿ. ಆರನೇ ಕ್ಲಾಸಿಗೆ ಇಳೀಬೇಕು ಈಕಿ."

"ಇಳೀಲಿ! ಮುಂದ ಎಷ್ಟ ವರ್ಷ ಆಡಬಹುದು..."

"ಬ್ಯಾಡ್ರಿ ಸರ."

ಅಷ್ಟು ಹೊತ್ತು ಕಿಟಕಿಯಲ್ಲಿ ನೋಡುತ್ತ ನಿಂತಿದ್ದ ಶಿವಲೀಲಾ ಹೇಳಿದಳು. ಕಿಟಕಿಯಾಚೆ ಏಳನೇ ಕ್ಲಾಸು. ಎರಡನೇ ಬೆಂಚಿನಲ್ಲಿ ಗಿರಿಜಾ ಒಬ್ಬಳೇ ಕುಳಿತಿದ್ದಳು. ಮಾಸ್ತರರ ಬಾಯಿಯನ್ನೇ ನೋಡುತ್ತ...

"ನಾ ಇಳದ್ರ ಅಕ್ಕಗ ಪಾಠ ಯಾರ್ರಿ ಹೇಳವ್ರು?"

ಕೋಚ್ ಆಫೀಸಿನಿಂದ ಹೊರಬಿದ್ದರು.

ಸಂಘಟಕರ ಹತ್ತಿರ ಓಡಿದರು. ಕೈ ನೆಟ್ಟಗಾದ ಮೇಲಾದರೂ ಅವಳು ಆಡಲಿ, ಮುಂದಿನ ವರ್ಷದಿಂದ ಮತ್ತೆ ಕ್ಲಾಸ್ ನೋಡಿಯೇ ಆಡಿಸಿ ಅಂತ ಬೇಡಿಕೊಂಡರು.

ಅವರು ನಕ್ಕರು. "ಪತ್ರ ನೀವs ಬರದಿದ್ರಲ್ರಿ ಸರ? ಮೂರು ಪುಟ!"

ಫೈನಲ್ ದಿನ ಬಂತು. ಟೀಮ್ ಒಂದು ಗೋಲಿನಿಂದ ಸೋತಿತು. ಆದರೆ ಕೋಚ್ ನೋಡುತ್ತಿದ್ದದ್ದು ಗ್ರೌಂಡನ್ನಲ್ಲ...

ಗೆರೆಯಾಚೆ ಅಕ್ಕ-ತಂಗಿ ಕುಳಿತಿದ್ದರು. ತಂಗಿಯ ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ. ಶಿವಲೀಲಾ ಎಡಗೈ ಒಂದರಲ್ಲೇ ಅಕ್ಕನಿಗೆ ಕಾಮೆಂಟರಿ ಕೊಡುತ್ತಿದ್ದಳು. ತಪ್ಪುತ್ತಿದ್ದಳು, ಮತ್ತೆ ಮಾಡುತ್ತಿದ್ದಳು...

ರೆಫ್ರಿ ಸೀಟಿ ಊದಿದಾಗಲೆಲ್ಲ ಕೆನ್ನೆ ಉಬ್ಬಿಸಿ, ಹೊಟ್ಟೆ ಮುಂದೆ ಹಾಕಿ ತೋರಿಸುತ್ತಿದ್ದಳು. ಗಿರಿಜಾ ಸದ್ದಿಲ್ಲದೆ ನಗುತ್ತಿದ್ದಳು.

ತಮ್ಮ ನಕಲಿನಲ್ಲಿ ಸದ್ದು ಯಾಕಿಲ್ಲ ಅಂತ ಕೋಚ್‌ಗೆ ಅವತ್ತು ತಿಳಿಯಿತು.

ಆಟ ಮುಗಿದ ಮೇಲೆ ಅವರ ಮುಂದೆ ಹೋಗಿ ಮಣ್ಣಿನಲ್ಲೇ ಕುಳಿತರು.

"ಲೀಲಾ... 'ತಪ್ಪಾತು' ಅನ್ನೂದು ಕೈಯಾಗ ಹೆಂಗವಾ?"

ಅವಳ ಬಲಗೈ ತಾನಾಗಿಯೇ ಎದ್ದಿತು... ನೋವಿಗೆ ಅರ್ಧಕ್ಕೇ ನಿಂತಿತು. ಎಡಗೈಯಿಂದ ತೋರಿಸಿದಳು. ಎದೆಯ ಮೇಲೆ ಮುಷ್ಟಿ, ನಿಧಾನಕ್ಕೆ ಒಂದು ಸುತ್ತು.

ಕೋಚ್ ಮಾಡಿದರು. ಮೊದಲು ಗಿರಿಜಾಗೆ, ಆಮೇಲೆ ತಂಗಿಗೆ.

"ಹಂಗಲ್ರಿ ಸರ," ಅಂದಳು ಶಿವಲೀಲಾ. "ಅದು ಹೊಟ್ಟಿ ಮ್ಯಾಲ ಆತು. ಹಸಿವಾಗೇತಿ ಅಂದಂಗಾತು. ಎದಿ ಮ್ಯಾಲ ಮಾಡ್ರಿ."

ಕೋಚ್ ನಗಲು ಹೋದರು... ಆಗಲಿಲ್ಲ. ಒಂದು ಕೈ ನೆಲಕ್ಕೂರಿ, ಇನ್ನೊಂದರ ಮುಷ್ಟಿಯನ್ನು ಎದೆಗೆ ಏರಿಸಿ ಮತ್ತೊಮ್ಮೆ ಮಾಡಿದರು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮುಂದಿನ ವರ್ಷದ ನೋಟಿಸ್ ಬಂದಿದೆ. ನಿಯಮ ಅದೇ ಇದೆ. ಕೋಚ್ ಈಗ ನಾಲ್ಕನೇ ಪುಟ ಬರೆಯುತ್ತಿದ್ದಾರಂತೆ...

*ಮಗು ಯಾವಾಗ ಹುಟ್ಟಿತು ಅಂತ ಕಾಗದ ಹೇಳುತ್ತದೆ. ಯಾರಿಗಾಗಿ ಬೇಗ ದೊಡ್ಡದಾಯಿತು ಅಂತ ಹೇಳುವುದಿಲ್ಲ.*

ನಿಮ್ಮ ಮನೆಯಲ್ಲೂ ಒಬ್ಬರು ಯಾರಿಗಾಗಿಯೋ ಬೇಗ ದೊಡ್ಡವರಾಗಿರಬಹುದು... ಯಾರಿಗಾಗಿ ಅಂತ ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?