ಜೂನ್ ಒಂದು

“ಮಗಳಿಗೆ ಹೃದಯದ ಕವಾಟ ಕೊಡೋರು ನೀವೇನ್ರಿ?” ಎಂದು ನರ್ಸ್ ಅವ್ವನ ಆಧಾರ್ ಕಾರ್ಡ್ ನೋಡಿದಳು. “ಜೂನ್ ಒಂದು. ಈಗ ನಲವತ್ತಾರು. ಛಲೋ ಆತು, ಆರಾಮ ಮೂವತ್ತು ವರ್ಷ ನಡೀತದ.”

ಎಲ್ಲರಿಗೂ ಗೊತ್ತಿದ್ದದ್ದೇ. ತಾಯಿಯ ರಕ್ತದಿಂದ ಬೆಳೆಸಿದ ಕವಾಟ, ತಾಯಿಯ ಹೃದಯ ನಿಂತ ಗಳಿಗೆಯಲ್ಲೇ ತಾನೂ ನಿಲ್ಲುತ್ತದೆ. ಲೋಹದ ಕವಾಟ ಯಾರನ್ನೂ ನೆಚ್ಚುವುದಿಲ್ಲ. ಆದರೆ ಜೀವನಪೂರ್ತಿ ಟಿಕ್ ಟಿಕ್ ಎನ್ನುತ್ತದೆ, ರಕ್ತ ತೆಳುವಾಗಿಸುವ ಗುಳಿಗೆ ತಪ್ಪುವುದಿಲ್ಲ, ಆ ಗುಳಿಗೆ ನುಂಗುತ್ತಾ ಬಸುರಿಯಾಗುವುದು ಅಪಾಯ.

ಮಗಳು, ಇಪ್ಪತ್ತೆರಡರ ಶಿವಲೀಲಾ, ಅವ್ವನ ಕಿವಿಗೆ ಮೆತ್ತಿದ್ದ ಕಪ್ಪು ಬಣ್ಣವನ್ನೇ ನೋಡುತ್ತಿದ್ದಳು. ಅವ್ವ ಹಿಂದೆಂದೂ ಕೂದಲಿಗೆ ಬಣ್ಣ ಹಚ್ಚಿದವಳಲ್ಲ.

“ಅವ್ವಾ, ಜೂನ್ ಒಂದು ಹೆಡ್‌ಮಾಸ್ತರ ಬರೆದದ್ದು. ಇಡೀ ಕ್ಲಾಸಿಗೆ ಅದನ್ನ ಬರದಾರ. ಸಾಲಿಗೆ ಹಾಕಿದಾಗ ನಿನಗ ಖರೇ ಹತ್ತು ವರ್ಷ, ಆರು ಅಂತ ಬರಸ್ಯಾರಂತ. ದೊಡ್ಡವ್ವ ಹೇಳ್ಯಾಳ.”

“ನಾಕು ವರ್ಷ ಏನ್ ದೊಡ್ಡದು? ಆ ಗುಳಿಗಿ ನುಂಗಕೋತ ಕುಂತ್ರ ನಿನಗ ಮಕ್ಕಳು ಹೆಂಗ?”

“ನೀ ಫೋನ್ ಎತ್ತದ ದಿನ ನಾ ಯಾರ ಸಲುವಾಗಿ ಅಂಜಬೇಕವ್ವಾ? ನಿನ್ನ ಸಲುವಾಗೋ, ನನ್ನ ಸಲುವಾಗೋ?”

ಶಿವಲೀಲಾ ಅರ್ಜಿಯಲ್ಲಿ ‘ಲೋಹ’ದ ಎದುರು ಗುರುತು ಹಾಕಿ, ದುಪಟ್ಟಾದ ತುದಿಯಿಂದ ಅವ್ವನ ಕಿವಿ ಒರೆಸಿದಳು. ಬಣ್ಣ ಹೋಗಲಿಲ್ಲ.

“ನೀ ಯಾವಾಗ ಫೋನ್ ಮಾಡಿದ್ರೂ ಎತ್ತತಿದ್ನಲ್ಲಾ ನಾ,” ಎಂದಳು ಅವ್ವ.